ಜರಡಿಯ ಕೆಳಗಿನ ನೀರು

ಕಾರ್ಖಾನೆಯ ಗೇಟು ದಾಟಿದರೆ ಎಡಕ್ಕೆ ತರಕಾರಿ ತೊಳೆಯುವ ತೊಟ್ಟಿಗಳು, ಬಲಕ್ಕೆ ಆವಿಯ ಕೋಣೆ, ಅದರಾಚೆ ಉದ್ದನೆಯ ಗೋಡೌನು. ಗೋಡೌನಿನ ಬೆನ್ನಿಗೆ ಅಂಟಿಕೊಂಡು ಒಂದು ಪುಟ್ಟ ಕೋಣೆಯಿತ್ತು. ಕಟ್ಟುವಾಗ ಮರೆತು, ಆಮೇಲೆ ನೆನಪಾಗಿ ಸೇರಿಸಿದ ಹಾಗೆ ಕಾಣುತ್ತಿತ್ತು. ಬಾಗಿಲ ಮೇಲೆ 'ಪ್ರಯೋಗಾಲಯ' ಎಂದು ಬರೆದಿತ್ತು. ಒಳಗೆ ಒಂದು ಕಲ್ಲಿನ ಮೇಜು, ಒಂದು ತಕ್ಕಡಿ, ಗೋಡೆಗಡಿಯಾರ, ಸಿಂಕು, ಮತ್ತು ಇಪ್ಪತ್ತೇಳು ವರ್ಷಗಳಿಂದ ಅಲ್ಲಿ ಡಬ್ಬಿ ತೆರೆಯುತ್ತಿದ್ದ ಒಬ್ಬ ಹೆಂಗಸು.

ಅವಳನ್ನು ಎಲ್ಲರೂ ಜರಡಿಯಕ್ಕ ಎನ್ನುತ್ತಿದ್ದರು. ಕೆಲಸವೇ ಹಾಗಿತ್ತು. ಕ್ಯಾರೆಟ್ಟೋ ಬೀಟ್‌ರೂಟೋ ಟರ್ನಿಪ್ಪೋ, ಅಂದು ಯಾವ ಗಡ್ಡೆ ತರಕಾರಿ ಡಬ್ಬಿಗೆ ಇಳಿಯುತ್ತಿದೆಯೋ ಅದರಲ್ಲಿ ಗಂಟೆಗೊಂದು ಡಬ್ಬಿ ಅವಳ ಮೇಜಿಗೆ ಬರುತ್ತಿತ್ತು. ಮುಚ್ಚಳ ಕತ್ತರಿಸುವುದು, ಜರಡಿಯ ಮೇಲೆ ಸುರಿಯುವುದು, ಗಡಿಯಾರ ನೋಡಿಕೊಂಡು ಎರಡು ನಿಮಿಷ ನೀರು ಇಳಿಯಲು ಬಿಡುವುದು, ಉಳಿದ ತುಂಡುಗಳನ್ನು ತೂಗಿ ಪರೀಕ್ಷಿಸುವುದು. ನಿಯಮದ ಪುಸ್ತಕದಲ್ಲಿ ಅದಕ್ಕೆ 'ಸೋಸಿದ ತೂಕ' ಎಂಬ ಹೆಸರಿತ್ತು. ಸೋಸಿ ಇಳಿದ ನೀರಿಗೆ ಪುಸ್ತಕದಲ್ಲಿ ಹೆಸರಿರಲಿಲ್ಲ. ಅದಕ್ಕಾಗಿ ಸಿಂಕು ಇತ್ತು.

ಇಷ್ಟು ವರ್ಷ ಒಂದೇ ಕೆಲಸ ಮಾಡಿದರೆ ಕೈ ತಾನಾಗಿಯೇ ಬುದ್ಧಿ ಕಲಿತುಬಿಡುತ್ತದೆ, ತಲೆಯನ್ನು ಕೇಳುವುದಿಲ್ಲ. ಮನೆಯಲ್ಲಿ ಸೊಪ್ಪು ತೊಳೆದರೂ ಅವಳು ಬುಟ್ಟಿ ಎತ್ತಿ ಹಿಡಿದು ಗೋಡೆಗಡಿಯಾರ ನೋಡುತ್ತಾ ನಿಲ್ಲುತ್ತಿದ್ದಳು. "ಚಿಕ್ಕವಳಿದ್ದಾಗ ನನಗೆ ಸ್ನಾನ ಮಾಡ್ಸಿ, ಎರಡು ನಿಮಿಷ ಹಾಗೇ ಎತ್ತಿ ಹಿಡ್ಕೊಂಡು, ಆಮೇಲೇ ಟವೆಲ್ ಸುತ್ತುತ್ತಿದ್ರಂತೆ. ಅದೂ ತೂಕ ನೋಡೋಕೇ ಇರ್ಬೇಕು," ಎಂದು ಮಗಳು ಕಾಲೇಜಿನ ಗೆಳತಿಯರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಜರಡಿಯಕ್ಕನಿಗೆ ಈ ಅಡ್ಡಹೆಸರಿನ ಬಗ್ಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಇನ್ನೊಂದರ ಬಗ್ಗೆ. ಪರೀಕ್ಷೆ ಮಾಡುವವಳು ಅವಳು, ವರದಿ ಬರೆಯುವವಳು ಅವಳು, ಸಹಿ ಮಾತ್ರ ಮುಖ್ಯ ರಸಾಯನ ತಜ್ಞರದು. ಅವರು ತಿಂಗಳಿಗೊಮ್ಮೆ ಬಂದು, ಒಂದು ಕೈಯಲ್ಲಿ ಚಹಾ ಹಿಡಿದು ಇನ್ನೊಂದು ಕೈಯಿಂದ ರಾಶಿ ವರದಿಗಳಿಗೆ ಸಹಿ ಹಾಕಿ ಹೋಗುತ್ತಿದ್ದರು. ಅವಳ ಗುರುತೆಂದರೆ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ಎರಡು ಅಕ್ಷರ. ವರದಿ ಹೊರಗೆ ಹೋಗುವ ಮೊದಲು ಅದನ್ನು ರಬ್ಬರಿನಿಂದ ಉಜ್ಜಬೇಕಿತ್ತು, ಕಾಗದ ನೀಟಾಗಿರಬೇಕಲ್ಲ. ಉಜ್ಜುವ ಕೆಲಸವೂ ಅವಳದೇ. ಬದುಕಿನಲ್ಲಿ ಅವಳು ಪೂರ್ತಿ ಸಹಿ ಹಾಕಿದ್ದು ಮದುವೆಯ ದಾಖಲೆಗೆ ಮತ್ತು ಮಗಳ ಅಂಕಪಟ್ಟಿಗಳಿಗೆ. ಅದರಲ್ಲಿ ಎರಡು ಅಂಕಪಟ್ಟಿಗಳಿಗೆ ಮಗಳೇ ಹಾಕಿಕೊಂಡಿದ್ದಳೆಂದು ಆಮೇಲೆ ಗೊತ್ತಾಯಿತು.

ಮನೆಯಲ್ಲಿ ನಡೆಯುತ್ತಿದ್ದುದು ಅತ್ತೆಯ ಆಡಳಿತ. ಎಪ್ಪತ್ತೊಂಬತ್ತು ವರ್ಷ, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಕಣ್ಣು, ಎದುರು ಮಹಡಿಯವರು ಪಿಸುಗುಟ್ಟಿದರೂ ಕೇಳಿಸುವ ಕಿವಿ. ಡಬ್ಬಿಯ ತರಕಾರಿ ಅವರ ಅಡುಗೆಮನೆಯ ಹೊಸ್ತಿಲು ತುಳಿದದ್ದಿಲ್ಲ.

"ಅದರೊಳಗಿರೋದು ಊಟ ಅಲ್ಲ, ಊಟದ ಫೋಟೋ," ಎನ್ನುತ್ತಿದ್ದರು.

ವರ್ಷದ ಕೊನೆಗೆ ಕಾರ್ಖಾನೆಯವರು ನೌಕರರಿಗೆ ಕೊಡುತ್ತಿದ್ದ ಹನ್ನೆರಡು ಡಬ್ಬಿಗಳನ್ನು ಅತ್ತೆ ಅಕ್ಕಪಕ್ಕದವರಿಗೆ ಹಂಚಿ, ಖಾಲಿಯಾದ ಮೇಲೆ ಡಬ್ಬಿ ಮರೆಯದೆ ವಾಪಸು ತರಿಸಿಕೊಳ್ಳುತ್ತಿದ್ದರು. ಮನೆಯ ಗುಂಡಿ, ಮೊಳೆ, ಬೆಂಕಿಪೊಟ್ಟಣ, ಮದ್ದು ಮಾತ್ರೆ ಎಲ್ಲಕ್ಕೂ ಕ್ಯಾರೆಟ್ಟಿನ ಚಿತ್ರದ ಡಬ್ಬಿಗಳೇ.

"ಅಮ್ಮಾ, ಈ ಮನೆಗೆ ಬರೋ ಸಂಬಳಾನೂ ಡಬ್ಬಿದೇ ಅಲ್ವಾ?" ಎಂದು ಜರಡಿಯಕ್ಕನ ಗಂಡ ಒಮ್ಮೆ ಕೆಣಕಿದ್ದ.

"ಸಂಬಳ ತಿಂಗಳು ತಿಂಗಳು ತಾಜಾ ಬರುತ್ತೆ ಕಣೋ," ಎಂದಿದ್ದರು ಅತ್ತೆ.

ಗಂಡ ಬಸ್ ಕಂಡಕ್ಟರು. ಏನನ್ನೂ ಹಿಡಿದುಕೊಳ್ಳದೆ ನಡುವೆ ನಿಂತು ಬೀಳದಿರುವುದು ಅವನ ವೃತ್ತಿ. ಮನೆಯಲ್ಲೂ ಅಷ್ಟೆ.

ಅತ್ತೆಯ ಪ್ರಕಾರ ತರಕಾರಿ ಬಾಯಲ್ಲಿಟ್ಟರೆ ಕರಗಬೇಕು. ಹಾಗಾಗಿ ದೊಡ್ಡ ಪಾತ್ರೆಯ ತುಂಬ ನೀರಿಟ್ಟು ಮುಕ್ಕಾಲು ಗಂಟೆ ಬೇಯಿಸುತ್ತಿದ್ದರು. ತುಂಡುಗಳನ್ನೆಲ್ಲ ಮಿಕ್ಕವರ ತಟ್ಟೆಗೆ ಬಡಿಸಿ, ತಳದಲ್ಲಿ ಉಳಿದ ಬಣ್ಣದ ನೀರನ್ನು ಒಂದು ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ಒಂದು ಚಿಟಿಕೆ ಉಪ್ಪು ಹಾಕಿ, ಕಿಟಕಿಯ ಹತ್ತಿರ ನಿಂತು ಕುಡಿಯುತ್ತಿದ್ದರು. "ನಿಮಗೆಲ್ಲ ತರಕಾರಿ ಆಯ್ತಲ್ಲ, ನನಗೇನು, ಈ ನೀರಾದ್ರೂ ಸಾಕು," ಎಂದು ಪ್ರತಿದಿನ ಹೇಳುತ್ತಿದ್ದರು. ಆ ಧಾಟಿಗೆ ಕೇಳಿದವರ ಗಂಟಲಲ್ಲಿ ತುತ್ತು ಅರೆಗಳಿಗೆ ನಿಲ್ಲುತ್ತಿತ್ತು. ಆಮೇಲೆ ಇಳಿಯುತ್ತಿತ್ತು.

ಹೀಗಿರುವಾಗ ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದರು. ಹಿಂದೆ ಸೀಲಿಂಗ್ ಫ್ಯಾನ್ ಮಾರುತ್ತಿದ್ದರಂತೆ. ಮಾತಾಡುವಾಗ ಕೈ ಇನ್ನೂ ತಿರುಗುತ್ತಿತ್ತು. ಒಂದು ಬೆಳಿಗ್ಗೆ ಪ್ರಯೋಗಾಲಯಕ್ಕೇ ಬಂದು, ಕೂರಲು ಕುರ್ಚಿ ಹುಡುಕಿ, ಇಲ್ಲವೆಂದು ಕಂಡು ನಿಂತೇ ಹೇಳಿದರು.

"ಮೇಡಂ, ಜನರಿಗೆ ಡಬ್ಬಿ ಅಂದ್ರೆ ಅನುಮಾನ. ತಾಜಾ ಅಂದ್ರೆ ಕಣ್ಣು ಮುಚ್ಕೊಂಡು ನಂಬ್ತಾರೆ. ಎರಡನ್ನೂ ಹೋಲಿಸಿ ಒಂದು ವರದಿ ಮಾಡಿ. ಪೋಸ್ಟರ್ ಹಾಕೋಣ. ಗೋಡೆ ಮೇಲೆ, ಅಂಗಡಿ ಮುಂದೆ, ಬಸ್ ಹಿಂದೆ, ಎಲ್ಲಾ ಕಡೆ."

"ಆಗ್ಲಿ ಸರ್. ಸಹಿ? ತಜ್ಞರು ರಿಟೈರಾದ್ರಲ್ಲ, ಆ ಜಾಗ ಖಾಲಿ ಇದೆ."

"ಸಹಿ ನಿಮ್ಮದೇ."

ಅವಳ ಕೈಯಲ್ಲಿದ್ದ ಚಮಚ ಮೇಜಿಗೆ ಬಡಿದು ಟಣ್ಣೆಂದಿತು. "ಪೂರ್ತಿ ಸಹಿನಾ ಸರ್? ಎರಡಕ್ಷರಾನಾ?"

"ಪೂರ್ತಿ ಹಾಕಿ. ಬೇಕಾದ್ರೆ ಕೆಳಗೆ ಒಂದು ಗೆರೆನೂ ಎಳೀರಿ," ಎಂದರು ಮ್ಯಾನೇಜರು.

ಅಂದಿನಿಂದ ಅವಳ ರಫ್ ಹಾಳೆಗಳ ಹಿಂಬದಿಯೆಲ್ಲ ಸಹಿಗಳೇ. ಗೆರೆಯಿರುವ ಸಹಿ, ಗೆರೆಯಿಲ್ಲದ ಸಹಿ, ಕೊನೆಯ ಅಕ್ಷರದ ಬಾಲ ಬಳುಕಿದ ಸಹಿ. ಐವತ್ತಮೂರನೆಯ ವಯಸ್ಸಿನಲ್ಲಿ ತನ್ನ ಹೆಸರು ಬರೆಯಲು ಇಷ್ಟೊಂದು ಅಭ್ಯಾಸ ಬೇಕಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮೊದಲು ತಾಜಾ ಕ್ಯಾರೆಟ್ ಬೇಕಿತ್ತು. ಮಾರುಕಟ್ಟೆಗೆ ಹೋಗಿ, ನೋಟ್‌ಬುಕ್ ತೆರೆದು, ತರಕಾರಿಯವನನ್ನು ಕೇಳಿದಳು. "ಇದನ್ನ ಯಾವತ್ತು ಕಿತ್ತಿದ್ದು?"

ಅವನು ನೋಟ್‌ಬುಕ್ಕನ್ನು ನೋಡಿದ. "ಕೊಳ್ಳೋದಾದ್ರೆ ಇವತ್ತು ಬೆಳಿಗ್ಗೆ ಕಿತ್ತಿದ್ದು. ಬರ್ಕೊಳ್ಳೋದಾದ್ರೆ ನನಗೆ ಗೊತ್ತಿಲ್ಲಮ್ಮ."

"ಬರ್ಕೊಳ್ಳೋಕೇ ಬಂದಿದ್ದು."

"ಹಾಗಾದ್ರೆ ತಣ್ಣನೆ ಗೋದಾಮಿನಲ್ಲಿ ಮೂರು ತಿಂಗಳಿತ್ತು ಅಂತ ಬರ್ಕೊಳ್ಳಿ. ನಾನು ಹೇಳ್ದೆ ಅಂತ ಮಾತ್ರ ಬರೀಬೇಡಿ."

ಕಾರ್ಖಾನೆಯ ಡಬ್ಬಿಯ ಕ್ಯಾರೆಟ್ ಹೊಲ ಬಿಟ್ಟ ಮರುದಿನವೇ ಆವಿಯ ಕೋಣೆ ಸೇರಿತ್ತು. ಹಾಗಾದರೆ ಎರಡರಲ್ಲಿ ಯಾವುದು ತಾಜಾ ಎಂದು ಅವಳು ದಾರಿಯುದ್ದ ಯೋಚಿಸಿದಳು. ಯೋಚನೆಗೆ ವರದಿಯಲ್ಲಿ ಅಂಕಣವಿಲ್ಲವಾದ್ದರಿಂದ ಅದನ್ನು ಬರೆಯಲಿಲ್ಲ. ಆದರೆ ಇನ್ನೊಂದು ಮಾತು ನ್ಯಾಯವೆನಿಸಿತು. ಡಬ್ಬಿಯದು ಬೆಂದಿರುತ್ತದೆ. ಬೆಂದದ್ದನ್ನು ಹಸಿಯದರ ಜೊತೆಗಷ್ಟೇ ಹೋಲಿಸಿದರೆ ಹೇಗೆ? ಜನ ಮನೆಯಲ್ಲಿ ಬೇಯಿಸುವ ಹಾಗೆ ಬೇಯಿಸಿದ ಒಂದು ಮಾದರಿಯೂ ಇರಬೇಕು.

"ಅತ್ತೆ, ನೀವು ದಿನಾ ಮಾಡೋ ಹಾಗೇ ನಾಳೆ ಇಷ್ಟು ಕ್ಯಾರೆಟ್ ಬೇಯಿಸಿ ಕೊಡ್ತೀರಾ? ಲ್ಯಾಬಿಗೆ."

ಅತ್ತೆಯ ಮುಖ ಅರಳಿತು. "ನನ್ನ ಪಾತ್ರೆನೂ ಪರೀಕ್ಷೆಗೆ ಕೂರುತ್ತಾ? ನಿನ್ನ ಡಬ್ಬಿ ಎದುರಿಗಾ?"

"ಹೂಂ."

"ಸೋತ್ರೆ ನಿನ್ನ ಕೆಲಸ ಹೋಗಲ್ಲ ತಾನೆ? ಆಮೇಲೆ ನನ್ನನ್ನ ಅನ್ಬೇಡ."

ಮರುದಿನ ಅತ್ತೆ ಬೆಳಿಗ್ಗೆಯೇ ಒಲೆಯ ಮುಂದೆ ನಿಂತು, ಒಂದೊಂದು ತುಂಡನ್ನೂ ಒಂದೇ ಅಳತೆಗೆ ಹೆಚ್ಚಿ, ಮುಕ್ಕಾಲು ಗಂಟೆ ಬೇಯಿಸಿದರು. ಕೆಳಗಿಳಿಸಿ, ತಮ್ಮ ಲೋಟ ತರಲು ಒಳಗೆ ಹೋದರು. ಅಷ್ಟರಲ್ಲಿ ಜರಡಿಯಕ್ಕನ ಕೈ ತನ್ನ ಕೆಲಸ ಮಾಡಿತ್ತು. ಜರಡಿ, ಗೋಡೆಗಡಿಯಾರ, ಎರಡು ನಿಮಿಷ. ನೀರು ಸಿಂಕಿಗೆ, ತುಂಡುಗಳು ಡಬ್ಬಕ್ಕೆ. ಅತ್ತೆ ಲೋಟ ಹಿಡಿದು ಬಂದು ಖಾಲಿ ಪಾತ್ರೆಯೊಳಗೆ ಇಣುಕಿದರು. ಏನೋ ಹೇಳಹೋಗಿ, ಪರೀಕ್ಷೆಯ ದಿನವಲ್ಲವೆ ಎಂದುಕೊಂಡರೋ ಏನೋ, ಲೋಟವನ್ನು ಬೋರಲು ಹಾಕಿದರು.

ಲ್ಯಾಬಿನಲ್ಲಿ ಅವಳು ಮೂರು ಮಾದರಿಗಳನ್ನೂ ಅರೆದು, ಸೋಸಿ, ಗಾಜಿನ ಕೊಳವೆಯಿಂದ ಬಣ್ಣದ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟಳು. ವಿಟಮಿನ್ ಸಿ ಇರುವಷ್ಟು ಹೊತ್ತು ಗುಲಾಬಿ ಬಣ್ಣ ಬಿದ್ದ ತಕ್ಷಣ ಮಾಯವಾಗುತ್ತದೆ. ಮುಗಿದ ಮೇಲೆ ನಿಲ್ಲುತ್ತದೆ. ಹದಿನೈದು ಸೆಕೆಂಡು ನಿಂತರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ಹಸಿ ಕ್ಯಾರೆಟ್ಟು ಗುಲಾಬಿಯನ್ನು ಬಹಳ ಹೊತ್ತು ನುಂಗಿತು. ಡಬ್ಬಿಯದು ಅದರ ಅರ್ಧಕ್ಕಿಂತ ಕಡಿಮೆ. ಅತ್ತೆಯ ಪಾತ್ರೆಯದು ನಾಲ್ಕು ಹನಿಗೇ ಕೈಯೆತ್ತಿತು. ಕಣ್ಣಿಗೆ ಬೇಕಾದ ಕ್ಯಾರೋಟಿನ್ ಮಾತ್ರ ಮೂರರಲ್ಲೂ ಹೆಚ್ಚು ಕಡಿಮೆ ಸಮವಾಗಿತ್ತು. ಅದು ನೀರಿಗೆ ಇಳಿಯುವ ಜಾತಿಯದಲ್ಲ. ಪೊಟ್ಯಾಸಿಯಂ ನೋಡಿದಳು. ಅಲ್ಲೂ ಅತ್ತೆಯೇ ಕೊನೆ.

ಮೂರು ಸಲ ಮಾಡಿದಳು. ಮೂರು ಸಲವೂ ಅದೇ. ಇಪ್ಪತ್ತೇಳು ವರ್ಷ 'ಫೋಟೋ' ಎನ್ನಿಸಿಕೊಂಡ ಡಬ್ಬಿ ಅತ್ತೆಯ ಪಾತ್ರೆಯನ್ನು ಸೋಲಿಸಿತ್ತು. ಸೊಸೆಯಾಗಿ ಅವಳಿಗೆ ಆದ ಸಂತೋಷವನ್ನು ಅವಳು ಯಾರಿಗೂ ಹೇಳಲಿಲ್ಲ. ಮನುಷ್ಯಳಾಗಿ ಆದ ಸಂಕಟವನ್ನೂ.

ಮ್ಯಾನೇಜರು ವರದಿ ನೋಡಿ ಕುಣಿಯುವುದೊಂದು ಬಾಕಿ. "ಹಸೀದು ತೆಗೆದ್ಹಾಕಿ ಮೇಡಂ. ಹಸಿ ಕ್ಯಾರೆಟ್ ಯಾರು ತಿಂತಾರೆ? ಮೊಲ. ಮೊಲಕ್ಕೆ ನಾವು ಮಾರ್ತಾ ಇಲ್ಲ. ಈ ಕೊನೇ ಸಾಲಿದೆಯಲ್ಲ, ಮನೇಲಿ ಬೇಯಿಸಿದ್ದು, ಇದು ಚಿನ್ನ!"

ವಾರದೊಳಗೆ ಪೋಸ್ಟರಿನ ಕರಡು ಬಂತು. 'ಮನೆಯ ಪಾತ್ರೆಗಿಂತ ನಮ್ಮ ಡಬ್ಬಿಯೇ ಮೇಲು!' ಎಂದು ಮೇಲೆ ದಪ್ಪಕ್ಷರದಲ್ಲಿ. ಬಲಗಡೆ ಕೆಳಗೆ ಸಹಿಗಾಗಿ ಬಿಟ್ಟ ಖಾಲಿ ಜಾಗ. ಎಲ್ಲಕ್ಕಿಂತ ಮೊದಲು ಅವಳ ಕಣ್ಣು ಹೋದದ್ದು ಆ ಖಾಲಿ ಜಾಗಕ್ಕೆ. ಸಾಕಷ್ಟು ಅಗಲವಿತ್ತು. ಗೆರೆಗೂ ಜಾಗವಿತ್ತು.

ಸಂಜೆ ಅದನ್ನು ಸುರುಳಿ ಸುತ್ತಿ ಮನೆಗೆ ತಂದಳು. ಗಂಡನಿಗೆ, ಮಗಳಿಗೆ ಗುಟ್ಟಾಗಿ ತೋರಿಸುವ ಅಂದಾಜಿತ್ತು. ಆದರೆ ಮಗಳು ಬಿಡಿಸಿದವಳೇ ಗಟ್ಟಿಯಾಗಿ ಓದಿಬಿಟ್ಟಳು. ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು.

"ಮನೆಯ ಪಾತ್ರೆ ಅಂದ್ರೆ ಯಾರ ಮನೇದು?" ಎನ್ನುತ್ತಾ ಅತ್ತೆ ಹೊರಗೆ ಬಂದರು.

"ಹಾಗೆ ಯಾರ ಮನೇದು ಅಂತ ಇಲ್ಲಮ್ಮ, ಒಟ್ಟಾರೆ ಮನೆ ಪಾತ್ರೆ," ಎಂದ ಗಂಡ, ನಡುವೆ ನಿಂತು.

"ನೀನು ಸುಮ್ನಿರು, ನಿನ್ನ ಸ್ಟಾಪ್ ಇನ್ನೂ ಬಂದಿಲ್ಲ. ಏನೇ, ಎಷ್ಟು ಮನೆ ಪಾತ್ರೆ ತಗೊಂಡ್ಹೋಗಿ ಪರೀಕ್ಷೆ ಮಾಡ್ದೆ?"

"ಒಂದು, ಅತ್ತೆ."

"ಆ ಒಂದು ನಂದು."

ಜರಡಿಯಕ್ಕ ಪೋಸ್ಟರನ್ನು ಮತ್ತೆ ಸುರುಳಿ ಸುತ್ತಿದಳು. ಅತ್ತೆ ಅಳುತ್ತಾರೆಂದುಕೊಂಡಳು, ಇಲ್ಲವೆ ಬೈಯುತ್ತಾರೆಂದು. ಎರಡಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ಅದಿರ್ಲಿ," ಎಂದರು ಅತ್ತೆ. "ನೀರೇನಾಯ್ತು?"

"ಯಾವ ನೀರು?"

"ಬೇಯಿಸಿದ ನೀರು ಕಣೇ. ಅದನ್ನ ಪರೀಕ್ಷೆ ಮಾಡ್ದ್ಯಾ?"

"ಇಲ್ಲ ಅತ್ತೆ. ಸೋಸಿ... ಸಿಂಕಿಗೆ ಹಾಕ್ದೆ."

"ಸಿಂಕಿಗೆ!" ಅತ್ತೆ ಮಗನ ಕಡೆ ತಿರುಗಿದರು. "ಕೇಳಿದ್ಯಾ? ಈ ಮನೇಲಿ ನಾನು ಯಾವತ್ತಾದ್ರೂ ಒಂದು ತೊಟ್ಟು ಚೆಲ್ಲಿದ್ದು ನೋಡಿದ್ಯಾ? ದಿನಾ ಮಾಡೋ ಹಾಗೇ ಬೇಯಿಸಿ ಅಂದ್ಳು, ಬೇಯಿಸ್ದೆ. ದಿನಾ ಮಾಡೋ ಹಾಗೆ ಇಟ್ಕೋಬೇಕಾದೋಳು ಇವಳು. ತರಕಾರಿ ನಂದು, ಸಿಂಕು ಇವಳದು. ಸೋತಿದ್ದು ನಾನಾ?"

ಅತ್ತೆ ಹೇಳಿದ್ದು ಸರಿಯಾಗಿತ್ತು. ಪುಸ್ತಕದಲ್ಲಿ ಸೋಸು ಎಂದದ್ದು ಡಬ್ಬಿಯನ್ನು. ಅತ್ತೆಯ ಪಾತ್ರೆಯನ್ನು ಸೋಸು ಎಂದು ಯಾರೂ ಹೇಳಿರಲಿಲ್ಲ.

ಮರುದಿನ ಅತ್ತೆ ಇನ್ನೊಮ್ಮೆ ಬೇಯಿಸಿದರು. ಸೊಸೆಯನ್ನು ಒಲೆಯ ಹತ್ತಿರ ಬಿಡದೆ ತಾವೇ ನೀರನ್ನು ಫ್ಲಾಸ್ಕಿಗೆ ಬಗ್ಗಿಸಿ, ಮುಚ್ಚಳ ತಿರುಗಿಸಿ ಬಿಗಿ ಮಾಡಿ ಕೊಟ್ಟರು. "ದಾರೀಲಿ ಸೋಸ್ಬೇಡ."

ಲ್ಯಾಬಿನಲ್ಲಿ ಆ ನೀರಿಗೆ ಗುಲಾಬಿ ಹನಿ ಬಿಟ್ಟಳು. ಮಾಯವಾಯಿತು. ಇನ್ನೊಂದು, ಮತ್ತೊಂದು, ಎಲ್ಲ ಮಾಯ. ಬೆಂಕಿ ತಿಂದಷ್ಟನ್ನು ಬಿಟ್ಟರೆ, ತುಂಡುಗಳಲ್ಲಿ ಕಾಣೆಯಾಗಿದ್ದುದರಲ್ಲಿ ಬಹಳಷ್ಟು ಈ ನೀರಿನಲ್ಲಿತ್ತು. ಪೊಟ್ಯಾಸಿಯಂ ಅಂತೂ ಅರ್ಧದಷ್ಟು ಇಲ್ಲೇ. ತುಂಡು, ನೀರು ಎರಡನ್ನೂ ಕೂಡಿಸಿದರೆ ಅತ್ತೆಯ ಪಾತ್ರೆ ಸೋಸಿದ ಡಬ್ಬಿಯನ್ನು ಹಿಂದೆ ಹಾಕುತ್ತಿತ್ತು. ಅವಳಿಗೆ ಇನ್ನೊಂದು ಅನುಮಾನ ಬಂತು. ಆ ಗಂಟೆಯ ಡಬ್ಬಿಯನ್ನು ತೆರೆದು, ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಬಾರಿಗೆ, ಜರಡಿಯ ಕೆಳಗೆ ಒಂದು ಬೀಕರ್ ಇಟ್ಟಳು. ಡಬ್ಬಿಯ ನೀರೂ ಗುಲಾಬಿಯನ್ನು ನುಂಗಿತು.

ಅವಳು ಬಹಳ ಹೊತ್ತು ಸಿಂಕಿನ ಮುಂದೆ ನಿಂತಿದ್ದಳು. ಅದರ ತೂತಿನ ಸುತ್ತ ತೆಳ್ಳಗೆ ಕಿತ್ತಳೆ ಬಣ್ಣದ ಉಂಗುರವೊಂದು ಕಟ್ಟಿತ್ತು. ಎಷ್ಟು ಉಜ್ಜಿದರೂ ಹೋಗದೆಂದು ಅವಳು ಎಂದೋ ಕೈಬಿಟ್ಟಿದ್ದಳು.

ನಡುನಡುವೆ ಇನ್ನೊಂದು ಯೋಚನೆಯೂ ಬಂತು. ಮೂವತ್ತು ವರ್ಷ ಕಿಟಕಿಯ ಹತ್ತಿರ ನಿಂತು, ಎಲ್ಲರ ತುತ್ತು ಗಂಟಲಲ್ಲಿ ನಿಲ್ಲಿಸಿ ಅತ್ತೆ ಕುಡಿಯುತ್ತಿದ್ದುದು ಇದನ್ನೇ. ಕರಗಿದ ತುಂಡು ಮಿಕ್ಕವರಿಗೆ, ಕರಗಿಸಿದ ಸತ್ವ ತ್ಯಾಗಮಯಿಗೆ. ಅವಳು ಒಬ್ಬಳೇ ನಕ್ಕಳು. ಪಕ್ಕದ ಗೋಡೌನಿನವರು ಏನಾಯಿತೆಂದು ಇಣುಕಿ ನೋಡಿ ಹೋದರು.

ಮ್ಯಾನೇಜರ ಕೋಣೆಗೆ ಹೋಗುವಾಗ ಹೊಸ ವರದಿ ಅವಳ ಕೈಯಲ್ಲಿತ್ತು. ಹಸಿಯದು ವಾಪಸು ಬಂದಿತ್ತು; ನೀರಿಗೆ ಎರಡು ಸಾಲು ಹೆಚ್ಚಾಗಿತ್ತು.

"ನೀರಾ?" ಎಂದರು ಮ್ಯಾನೇಜರು. "ತರಕಾರಿ ಬೇಯಿಸಿದ ನೀರು ಯಾರು ಮೇಡಂ ಕುಡೀತಾರೆ?"

"ನಮ್ಮತ್ತೆ ಕುಡೀತಾರೆ ಸರ್."

"ನಿಮ್ಮತ್ತೆ ಒಬ್ಬರಿಗೋಸ್ಕರ ಪೋಸ್ಟರ್ ಬದಲಾಯಿಸಕ್ಕಾಗುತ್ತಾ?"

"ನಮ್ಮತ್ತೆ ಒಬ್ಬರ ಪಾತ್ರೆ ಇಟ್ಕೊಂಡೇ ಪೋಸ್ಟರ್ ಮಾಡಿದ್ದು ಸರ್. ಡಬ್ಬಿ ನೀರಲ್ಲೂ ಸತ್ವ ಇದೆ. ಚೆಲ್ಲಬೇಡಿ ಅಂತ ಹಾಕೋಣ. ನಮಗೂ ಒಳ್ಳೇದೇ. ಎರಡೇ ಸಾಲು."

ಮ್ಯಾನೇಜರ ಕೈ ತಿರುಗುವುದು ನಿಂತಿತು. "ಆ ಎರಡು ಸಾಲು ಕೆಳಗೆ ಬಂದ್ರೆ ಮೇಲಿನ ದಪ್ಪ ಸಾಲು ಹೋಗುತ್ತಲ್ಲ ಮೇಡಂ. ಜನ ಪೋಸ್ಟರ್ ನೋಡೋದು ಬಸ್ ಹೋಗೋವಾಗ. ನೀರು, ತುಂಡು, ಕೂಡಿಸಿ ಕಳೆದು ನೋಡೋಷ್ಟರಲ್ಲಿ ಬಸ್ ಮುಂದಿನ ಸ್ಟಾಪಲ್ಲಿರುತ್ತೆ. ನೀವು ಬರ್ದಿದ್ರಲ್ಲಿ ಸುಳ್ಳೇನಿದೆ? ಸೋಸಿದ್ದನ್ನ ಸೋಸಿದ್ದಕ್ಕೆ ಹೋಲಿಸಿದೀರಿ. ಸಹಿ ಹಾಕಿ."

ಕರಡನ್ನು ಅವಳ ಮುಂದೆ ತಳ್ಳಿ ಪೆನ್ನನ್ನೂ ಕೊಟ್ಟರು. ಒಳ್ಳೆಯ ಪೆನ್ನು. ಖಾಲಿ ಜಾಗ ಅವಳನ್ನೇ ನೋಡುತ್ತಿತ್ತು. ಎಲ್ಲಿಂದ ಶುರು ಮಾಡಬೇಕು, ಬಾಲ ಎಲ್ಲಿ ಬಳುಕಬೇಕು, ಎಲ್ಲ ಕೈಗೆ ಗೊತ್ತಿತ್ತು. ಆದರೆ ಈ ಕೈಯನ್ನು ನಂಬಿಯೇ ಒಮ್ಮೆ ಕೆಟ್ಟಾಗಿತ್ತು. ಪೆನ್ನನ್ನು ಕಾಗದದ ಮೇಲೆ ಎತ್ತಿ ಹಿಡಿದು, ಗುಲಾಬಿ ಬಣ್ಣ ನಿಲ್ಲುತ್ತದೋ ಇಲ್ಲವೋ ಎಂದು ಕಾಯುವ ಹಾಗೆ ಹದಿನೈದು ಸೆಕೆಂಡು ಕಾದಳು. ಆಮೇಲೆ ಕ್ಯಾಪು ಹಾಕಿದಳು.

"ಸಹಿ ಬೇಡ್ವಾ ನಿಮಗೆ?"

"ಸಹಿ ಬೇಕು ಸರ್. ನೀರೂ ಬೇಕು."

"ಯೋಚನೆ ಮಾಡಿ. ಸಹಿಗೆ ಜನ ಸಿಗ್ತಾರೆ."

"ಗೊತ್ತು ಸರ್. ಇಪ್ಪತ್ತೇಳು ವರ್ಷ ನೋಡಿದೀನಿ."

ಮ್ಯಾನೇಜರು ಸಹಿಗೆ ಜನರನ್ನೂ ಹುಡುಕಲಿಲ್ಲ. ಖಾಲಿ ಜಾಗದಲ್ಲಿ 'ತಜ್ಞರ ಅಭಿಪ್ರಾಯ' ಎಂದು ಅಚ್ಚು ಹಾಕಿಸಿದರು. ಓರೆ ಅಕ್ಷರದಲ್ಲಿ ಅದು ಸಹಿಯಂತೆಯೇ ಕಾಣುತ್ತಿತ್ತು. ಪೋಸ್ಟರ್ ಗೋಡೆಗೆ ಬಂತು, ಅಂಗಡಿಗಳಿಗೆ ಬಂತು. ಬಸ್ಸುಗಳ ಬೆನ್ನಿಗೂ ಬಂತು. ಜರಡಿಯಕ್ಕನ ಗಂಡನ ಬಸ್ಸು ಅದರಲ್ಲೊಂದು. ಬೆಳಗಿನಿಂದ ಸಂಜೆಯವರೆಗೆ ಅವನು ತನ್ನ ತಾಯಿಯ ಸೋಲನ್ನು ಊರೆಲ್ಲ ಹೊತ್ತು ತಿರುಗಿ, ಮನೆಗೆ ಬಂದು, ತಾಯಿ ಬಡಿಸಿದ್ದನ್ನು ಉಣ್ಣುತ್ತಿದ್ದ.

ಪೂರ್ತಿ ವರದಿಯನ್ನು ಜರಡಿಯಕ್ಕ ಮಸಿಯಲ್ಲಿ ಎರಡು ಪ್ರತಿ ಬರೆದಿದ್ದಳು. ಎರಡಕ್ಕೂ ಸಹಿ ಮಾಡಿದ್ದಳು, ಪೂರ್ತಿ, ಕೆಳಗೆ ಗೆರೆ ಎಳೆದು. ಒಂದು ಕಾರ್ಖಾನೆಯ ಕಡತದೊಳಗೆ ಹೋಗಿ ಕುಳಿತಿತು. ಇನ್ನೊಂದನ್ನು ಮನೆಗೆ ತಂದಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು, ಅಂಕಿಗಳನ್ನೆಲ್ಲ ಬಿಟ್ಟು ಕೊನೆಯ ಸಾಲಿಗೆ ಬೆರಳಿಟ್ಟರು.

"ಇದು ನಿನ್ನದಾ?"

"ಹೂಂ ಅತ್ತೆ."

"ಚೆನ್ನಾಗಿದೆ. ಈ ಬಾಲ ಒಂದು ಸ್ವಲ್ಪ ಜಾಸ್ತಿ ಆಯ್ತು."

ಅತ್ತೆಯೇ ಅದನ್ನು ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಗಡೆಗೆ ಅಂಟಿಸಿದರು. ಬಂದ ನೆಂಟರಿಗೆಲ್ಲ ಸಕ್ಕರೆ ತೆಗೆಯುವ ನೆಪದಲ್ಲಿ ಬಾಗಿಲು ತೆರೆದು ತೋರಿಸುತ್ತಿದ್ದರು. "ನಮ್ಮ ಸೊಸೆ ಬರ್ದಿದ್ದು. ಸಹಿ ಅವಳದೇ. ಈ ಸಾಲು ನಂದು."

ತೊಂದರೆ ಶುರುವಾದದ್ದು ಅಲ್ಲಿಂದಲೇ. ಸಕ್ಕರೆ ತೆಗೆಯಲು ಮೊಮ್ಮಗಳೂ ಬಾಗಿಲು ತೆರೆಯುತ್ತಿದ್ದಳು, ಮಗನೂ ತೆರೆಯುತ್ತಿದ್ದ. ಒಂದು ರಜೆಯ ಮಧ್ಯಾಹ್ನ ಅತ್ತೆ ಎಂದಿನಂತೆ ತರಕಾರಿ ಬಡಿಸಿ, ಲೋಟಕ್ಕೆ ನೀರು ಬಗ್ಗಿಸಲು ಹೊರಟಾಗ ಮೊಮ್ಮಗಳು ತನ್ನ ಲೋಟ ಮುಂದೆ ಚಾಚಿದಳು.

"ಅಜ್ಜಿ, ನನಗೂ. ಪರೀಕ್ಷೆ ಹತ್ರ ಬಂತು."

"ನನಗೂ ಒಂದಿಷ್ಟಮ್ಮ," ಎಂದ ಮಗ. "ದಿನವೆಲ್ಲ ನಿಂತು ಕಾಲು ಹಿಡ್ಕೊಳ್ಳುತ್ತೆ. ಪೊಟ್ಯಾಸಿಯಂ ಬೇಕಂತೆ."

ಅತ್ತೆ ಪಾತ್ರೆ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಮೂವತ್ತು ವರ್ಷದಿಂದ ಪಾಪ, ಮುದುಕಿ ನೀರು ಕುಡ್ಕೊಂಡಿದಾಳೆ ಅಂತ ನೀವೆಲ್ಲ ಸಂಕಟ ಪಡ್ತಿದ್ರಿ. ನಾನೂ ನೆಮ್ಮದಿಯಾಗಿದ್ದೆ. ಇವಳೊಂದು ಕಾಗದ ಬರ್ದು ಅದನ್ನೂ ಕಿತ್ಕೊಂಡ್ಳು!"

ಆದರೂ ಬಗ್ಗಿಸಿದರು. ಮೊಮ್ಮಗಳಿಗೆ ಕಾಲು ಲೋಟ, ಮಗನಿಗೆ ಕಾಲು ಲೋಟ, ತಮಗೆ ಮಿಕ್ಕವರಿಗಿಂತ ಒಂದು ಬೆರಳು ಹೆಚ್ಚು. ಕೊನೆಗೆ ಸೊಸೆಯ ಕಡೆ ತಿರುಗಿದರು.

"ನೀನೇನು ನೋಡ್ತಾ ಕೂತಿದ್ದೀಯ? ಸಹಿ ಮಾಡಿದೋಳು ನೀನೇ ತಾನೆ? ಹಿಡಿ."

ಅವಳು ಲೋಟ ಹಿಡಿದಳು. ಎರಡು ಗುಟುಕಿನಷ್ಟು ಬಿತ್ತು. ಉಳಿದದ್ದು ಹನಿ ಹನಿಯಾಗಿ ಇಳಿಯಲೆಂದು ಅತ್ತೆ ಪಾತ್ರೆಯನ್ನು ಬೋರಲು ಹಿಡಿದೇ ಇದ್ದರು. ಜರಡಿಯಕ್ಕ ತಲೆಯೆತ್ತಿ ಗೋಡೆಗಡಿಯಾರ ನೋಡಿದಳು. ಅತ್ತೆಯೂ ನೋಡಿದರು. ಎರಡು ನಿಮಿಷವಾಗುವವರೆಗೆ ಇಬ್ಬರೂ ಅಲುಗಲಿಲ್ಲ.